ಪಕ್ಕದ ಹೊಲಕ್ಕೆ ಎಣ್ಣೆ ಹೊಡೆದರೆ ನಿಮ್ಮ ಜೇನಿನ ಗತಿ ಏನು?

ಪೆಟ್ಟಿಗೆಯೊಳಗೆ ಔಷಧ ಹಾಕದಿದ್ದರೆ ಸಾಕು, ಜೇನು ತಾನಾಗಿಯೇ ರಾಸಾಯನಿಕ ಮುಕ್ತ ಆಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಾಗಿ ಜೇನು ಸಾಕಬೇಕು ಅನ್ನುವವರು ಮೊದಲು ವಿಚಾರಿಸುವುದು ಪೆಟ್ಟಿಗೆ ಎಲ್ಲಿ ಸಿಗುತ್ತದೆ, ರೇಟು ಎಷ್ಟು, ಸಬ್ಸಿಡಿ ಇದೆಯಾ ಅಂತ. ವಿಜಯಪುರ, ಬಾಗಲಕೋಟೆ ಕಡೆ ಈ ಕೆಲಸಕ್ಕೆ ಕೈಹಾಕುವವರು ಅದಕ್ಕೂ ಮೊದಲು ತಿಳಿಯಬೇಕಾದದ್ದು ಒಂದಿದೆ. ನಿಮ್ಮ ಹೊಲದ ಸುತ್ತ ಯಾರು ಏನು ಬೆಳೆಯುತ್ತಾರೆ, ಅದಕ್ಕೆ ಯಾವಾಗ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಾರೆ?

ಲೆಕ್ಕ ಹಾಕಿ ನೋಡಿ. ನಮ್ಮ ನೆಲದ ತುಡುವೆ ಜೇನು ಮೇವಿಗೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ದೂರ ಹೋಗಿ ಬರುತ್ತದೆ. ಹೊರಗಿನಿಂದ ಬಂದ ಮೆಲ್ಲಿಫೆರಾ ಜೇನು ಎರಡು ಕಿಲೋಮೀಟರ್ ಸಲೀಸಾಗಿ ಹಾರುತ್ತದೆ, ಹೂವಿಲ್ಲದ ಕಾಲದಲ್ಲಿ ಇನ್ನೂ ದೂರ. ಪೆಟ್ಟಿಗೆಯ ಸುತ್ತ ಎಲ್ಲ ದಿಕ್ಕಿಗೂ ಒಂದು ಕಿಲೋಮೀಟರ್ ಅಂದರೆ ಸುಮಾರು 775 ಎಕರೆ. ಎರಡು ಕಿಲೋಮೀಟರ್ ಅಂದರೆ 3,100 ಎಕರೆ. ನಿಮ್ಮ ಸ್ವಂತ ಹೊಲ ನಾಲ್ಕು ಎಕರೆ ಇರಬಹುದು, ಅದರಲ್ಲಿ ಗೊಬ್ಬರದಿಂದ ಹಿಡಿದು ಎಲ್ಲವೂ ಸಾವಯವ ಇರಬಹುದು. ಜೇನುನೊಣಕ್ಕೆ ಒಡ್ಡು ಗೊತ್ತಿಲ್ಲ, ಪಹಣಿಯೂ ಗೊತ್ತಿಲ್ಲ. ಉಳಿದ 771 ಎಕರೆಯಲ್ಲಿ ನಡೆಯುವುದೆಲ್ಲ ಹೂವಿನ ಮೂಲಕ ನಿಮ್ಮ ಪೆಟ್ಟಿಗೆಗೆ ಬಂದೇ ಬರುತ್ತದೆ.

ಅದಕ್ಕೇ ನಾನು ಹೇಳುವುದು, ಈ ವ್ಯವಹಾರದ ಅರ್ಧಕ್ಕಿಂತ ಜಾಸ್ತಿ ಕೆಲಸ ಪೆಟ್ಟಿಗೆ ಕೊಳ್ಳುವ ಮೊದಲೇ ಮುಗಿಯಬೇಕು. ಅದು ಜಾಗ ಆರಿಸುವ ಕೆಲಸ, ನೆರೆಹೊರೆಯವರ ಜೊತೆ ಮಾತಾಡುವ ಕೆಲಸ.

ಹಸಿರು ಕಂಡಲ್ಲಿ ಹೂವಿಲ್ಲ

ನೀರಾವರಿ ಇರುವ ಕಡೆ ಜೇನು ಚೆನ್ನಾಗಿ ಆಗುತ್ತದೆ ಅಂತ ಅನಿಸುವುದು ಸಹಜ. ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ಬೇಸಿಗೆಯಲ್ಲೂ ಕಣ್ಣು ತಂಪಾಗುವಷ್ಟು ಹಸಿರು. ಆದರೆ ಅಲ್ಲಿರುವುದು ಬಹುಪಾಲು ಕಬ್ಬು. ಕಬ್ಬಿನಿಂದ ನೊಣಕ್ಕೆ ಮಕರಂದ ಸಿಗುವುದಿಲ್ಲ. ಮೈಲಿಗಟ್ಟಲೆ ಕಬ್ಬಿನ ನಡುವೆ ಇಟ್ಟ ಪೆಟ್ಟಿಗೆ ಉಪವಾಸ ಬೀಳುತ್ತದೆ.

ಕಬ್ಬಿನ ಸೀಮೆಯಲ್ಲಿ ಇನ್ನೊಂದು ತೊಂದರೆ ಇದೆ. ಮುಧೋಳ, ಮಹಾಲಿಂಗಪುರ ಕಡೆ ಬೆಲ್ಲದ ಗಾಣಗಳು ಬಹಳ. ಗಾಣ ಶುರುವಾದ ತಿಂಗಳುಗಳಲ್ಲಿ ಕೊಪ್ಪರಿಗೆಯ ಸುತ್ತ, ಕಬ್ಬಿನ ಹಾಲು ಚೆಲ್ಲಿದ ಕಡೆ, ಬೆಲ್ಲದ ಅಚ್ಚಿನ ಮೇಲೆ ನೊಣ ಮುತ್ತುತ್ತವೆ. ಸುಲಭದ ಸಿಹಿ ಸಿಗುವಾಗ ಅವು ಹೂವು ಹುಡುಕಿಕೊಂಡು ಅಲೆಯುವುದಿಲ್ಲ. ಎಷ್ಟೋ ಬಿಸಿ ಪಾಕಕ್ಕೆ ಬಿದ್ದು ಸಾಯುತ್ತವೆ. ಬದುಕಿ ಬಂದವು ತಂದು ತುಂಬುವುದು ಕಬ್ಬಿನ ಹಾಲು. ಪ್ರಯೋಗಾಲಯದಲ್ಲಿ ಸಿ4 ಅನ್ನುವ ಒಂದು ಪರೀಕ್ಷೆ ಇದೆ. ಕಬ್ಬು ಮತ್ತು ಮೆಕ್ಕೆಜೋಳದಿಂದ ಬಂದ ಸಕ್ಕರೆ ಜೇನಿನಲ್ಲಿ ಸೇರಿದ್ದರೆ ಅದು ಹಿಡಿದುಕೊಡುತ್ತದೆ. ನೀವು ಒಂದು ಚಮಚ ಸಕ್ಕರೆಯನ್ನೂ ಬೆರೆಸಿರುವುದಿಲ್ಲ. ಆದರೂ ಗಾಣದ ಪಕ್ಕದ ಪೆಟ್ಟಿಗೆಯ ಜೇನು ಆ ಪರೀಕ್ಷೆಯಲ್ಲಿ ನಪಾಸಾಗಬಹುದು. ಗಾಣದಿಂದ ಎರಡು ಮೂರು ಕಿಲೋಮೀಟರ್ ದೂರ ಇರುವುದೇ ಇದಕ್ಕೆ ಮದ್ದು.

ದ್ರಾಕ್ಷಿ ತೋಟ ಇನ್ನೂ ಕಷ್ಟ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಗೊತ್ತು, ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಆದ ಮೇಲೆ ಔಷಧ ಹೊಡೆಯುವುದಕ್ಕೆ ಬಿಡುವೇ ಇರುವುದಿಲ್ಲ. ದ್ರಾಕ್ಷಿಗೆ ಜೇನುನೊಣದ ಅಗತ್ಯ ಹೆಚ್ಚಿಲ್ಲ, ನೊಣಕ್ಕೂ ಅದರಿಂದ ಲಾಭ ಇಲ್ಲ. ದಾಳಿಂಬೆಯ ಮಾತು ಸ್ವಲ್ಪ ಬೇರೆ. ಅದರ ಹೂವಿಗೆ ನೊಣ ಬರುತ್ತದೆ, ಪರಾಗ ಒಯ್ಯುತ್ತದೆ, ಕಾಯಿ ಕಟ್ಟುವುದಕ್ಕೆ ನೆರವಾಗುತ್ತದೆ. ಆದರೆ ಥ್ರಿಪ್ಸ್‌ಗೆ, ಕಾಯಿಕೊರಕಕ್ಕೆ, ದುಂಡಾಣು ಅಂಗಮಾರಿಗೆ ಅಂತ ಹೂವಿನ ಕಾಲದಲ್ಲೇ ಕೀಟನಾಶಕ, ತಾಮ್ರದ ಔಷಧ, ಕೆಲವೊಮ್ಮೆ ಆಂಟಿಬಯೋಟಿಕ್ ಕೂಡ ಬೀಳುತ್ತವೆ. ರಾಸಾಯನಿಕ ಮುಕ್ತ ಜೇನು ಮಾರಬೇಕು ಅನ್ನುವವರಿಗೆ ಅದು ಜಾಗವಲ್ಲ.

ಹಾಗಾದರೆ ಎಲ್ಲಿ? ಒಣಬೇಸಾಯದ ಕರಿಮಣ್ಣಿನ ಹೊಲಗಳಲ್ಲಿ. ಕೇಳಿದವರು ಮೊದಲು ನಂಬುವುದಿಲ್ಲ. "ಡೋಣಿ ಹರಿದರೆ ಓಣೆಲ್ಲ ಜೋಳ" ಅನ್ನುವ ಡೋಣಿ ನದಿ ಸಾಲಿನ ಊರುಗಳನ್ನೇ ತೆಗೆದುಕೊಳ್ಳಿ. ಹಿಂಗಾರಿಯಲ್ಲಿ ಅಲ್ಲಿ ಬಿಳಿಜೋಳ, ಕಡಲೆ, ನಡುವೆ ಅಕ್ಕಡಿ ಸಾಲಾಗಿ ಕುಸುಬಿ, ಅಲ್ಲಲ್ಲಿ ಅಗಸೆ, ಕೊತ್ತಂಬರಿ. ಮಳೆ ನೆಚ್ಚಿ ಬೆಳೆಯುವ ಜೋಳಕ್ಕೆ, ಕುಸುಬಿಗೆ ರೈತರು ಜಾಸ್ತಿ ದುಡ್ಡು ಸುರಿಯುವುದಿಲ್ಲ, ಹಾಗಾಗಿ ಎಣ್ಣೆಯೂ ಕಡಿಮೆ. ಕಡಲೆಗೆ ಮಾತ್ರ ಕಾಯಿಕೊರಕಕ್ಕೆ ಹೊಡೆಯುತ್ತಾರೆ. ಆದರೆ ನೊಣ ಕಡಲೆ ಹೂವಿಗೆ ಹೆಚ್ಚು ಹೋಗುವುದಿಲ್ಲ.

ಬಾದಾಮಿ, ಗುಳೇದಗುಡ್ಡದ ಕೆಂಪು ಕಲ್ಲಿನ ಗುಡ್ಡಗಳ ಬುಡದ ಹೊಲಗಳೂ ಒಳ್ಳೆಯವು. ಗುಡ್ಡದ ಮೇಲೆ ಬೆಳೆದ ಕುರುಚಲು ಗಿಡಗಳಿಗೆ ಯಾರೂ ಔಷಧ ಹೊಡೆಯುವುದಿಲ್ಲ ಅಲ್ವಾ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರಂತೂ ಪುಣ್ಯವಂತರು. ಅವರಿಗೆ ಕಾಡಿದೆ, ನೇರಳೆ ಇದೆ, ಮತ್ತಿ ಇದೆ. ಈ ಲೇಖನದ ಅರ್ಧ ಚಿಂತೆ ಅವರಿಗೆ ಬೇಕಾಗಿಲ್ಲ.

ವರ್ಷ ಹೇಗೆ ಸಾಗುತ್ತದೆ

ನಮ್ಮ ಬಯಲುಸೀಮೆಯಲ್ಲಿ ಜೇನಿನ ವರ್ಷ ಶುರುವಾಗುವುದು ಮಳೆ ಹಿಡಿದ ಮೇಲೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಂಗಾರಿ ಸೂರ್ಯಕಾಂತಿ, ಎಳ್ಳು, ಗುರೆಳ್ಳು ಹೂವಾಡುತ್ತವೆ. ಅದರ ಬೆನ್ನಿಗೆ ಬಾರಿಗಿಡ, ಜಾಲಿ. ಅಕ್ಟೋಬರ್, ನವೆಂಬರ್‌ನಲ್ಲಿ ತೊಗರಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕುಸುಬಿ, ಕೊತ್ತಂಬರಿ, ಜೊತೆಗೆ ಜೋಳದ ಪರಾಗ. ಮಾರ್ಚ್, ಏಪ್ರಿಲ್‌ನಲ್ಲಿ ಬೇವು, ಹೊಂಗೆ. ಮೇ ತಿಂಗಳಲ್ಲಿ ಹುಣಸೆ ಸ್ವಲ್ಪ ಕೈಹಿಡಿಯುತ್ತದೆ. ಅಲ್ಲಿಂದ ಹೊಸ ಹೂವಿನವರೆಗೆ ಬರಗಾಲ.

ಇದರಲ್ಲಿ ತೊಗರಿ ಕಾಲವನ್ನು ಗುರುತು ಹಾಕಿಕೊಳ್ಳಿ. ತೊಗರಿ ಹೂವಿಗೆ ನೊಣ ಆಸೆಯಿಂದ ಹೋಗುತ್ತದೆ. ಅದೇ ಹೂವಿನ ಕಾಲಕ್ಕೆ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದೂ ನಡೆಯುತ್ತದೆ. ವರ್ಷದಲ್ಲಿ ನೊಣ ಅತಿ ಹೆಚ್ಚು ಸಾಯುವ ಸಮಯ ಇದೇ.

ಆ ಸಾವು ಹೇಗಿರುತ್ತದೆ ಅಂತ ಒಮ್ಮೆ ನೋಡಿದವರು ಮರೆಯುವುದಿಲ್ಲ. ಪೆಟ್ಟಿಗೆಯ ಬಾಗಿಲ ಮುಂದೆ ಬೆಳಿಗ್ಗೆ ಒಂದು ಬೊಗಸೆ ನೊಣ ಬಿದ್ದಿರುತ್ತವೆ. ಸೊಂಡಿಲು ಹೊರಗೆ ಚಾಚಿಕೊಂಡಿರುತ್ತದೆ. ಕೆಲವು ಇನ್ನೂ ಸತ್ತಿರುವುದಿಲ್ಲ. ಅಂಗಾತ ಬಿದ್ದು ನಡುಗುತ್ತಾ ಗರಗರ ಸುತ್ತುತ್ತವೆ. ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ ಹಾಗೇ ಇರುತ್ತದೆ. ಒಳಗಿನ ನೊಣಗಳು ಒಂದೊಂದೇ ಹೆಣವನ್ನು ಎಳೆದು ತಂದು ಅಂಚಿನಿಂದ ಕೆಳಗೆ ತಳ್ಳುತ್ತಿರುತ್ತವೆ. ಎರಡು ದಿನ ಹೀಗಾದರೆ ಮೇವು ತರುವ ನೊಣಗಳೇ ಇಲ್ಲದೆ ಕುಟುಂಬ ಕುಸಿಯುತ್ತದೆ. ಮೊಟ್ಟೆ ಇಟ್ಟಾಗಿನಿಂದ ಒಂದು ಕೆಲಸಗಾರ ನೊಣ ಬೆಳೆದು ಕೋಣೆಯಿಂದ ಹೊರಬರಲು ಸುಮಾರು 21 ದಿನ ಬೇಕು, ಹೊರಗೆ ಮೇವಿಗೆ ಹೋಗುವಷ್ಟು ಬಲಿಯಲು ಮತ್ತೆ ಎರಡು ಮೂರು ವಾರ ಬೇಕು.

ಅದಕ್ಕೇ ಮಾತುಕತೆ ಮುಖ್ಯ. ಸುತ್ತಲಿನ ಹೊಲದವರನ್ನು ಮುಂಚೆಯೇ ಹೋಗಿ ಕಾಣಬೇಕು. ಸುಮ್ನೆ ಬುದ್ಧಿ ಹೇಳುವ ದನಿಯಲ್ಲಿ ಹೋದರೆ ಕೆಲಸ ಆಗುವುದಿಲ್ಲ. ಅವರ ಬೆಳೆ ಅವರಿಗೆ ಜೀವನ. ಕೇಳಬೇಕಾದ್ದು ಇಷ್ಟೇ:

"ಕಾಕಾ, ತೊಗರಿಗೆ ಎಣ್ಣಿ ಹೊಡಿಯೂ ಹಿಂದಿನ ದಿನ ನಂಗೊಂದ್ ಫೋನ್ ಮಾಡ್ರಿ. ಆದ್ರ ಸಂಜಿಮುಂದ ಹೊಡೀರಿ, ನೊಣ ಗೂಡಿಗೆ ಬಂದಿರ್ತಾವ."

"ಆತ್ ಬಿಡಪಾ, ಹೇಳ್ತೀನಿ. ಖರೇನ ನಿನ್ನ ನೊಣದಿಂದ ನಮ್ಮ ತೊಗರಿ ಛಲೋ ಆಕ್ಕೈತೇನು?"

ಆಗುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಸೂರ್ಯಕಾಂತಿಯಲ್ಲಂತೂ ನೊಣ ಚೆನ್ನಾಗಿ ಓಡಾಡಿದ ಹೊಲದಲ್ಲಿ ಜೊಳ್ಳು ಕಡಿಮೆ, ಕಾಳು ತುಂಬುತ್ತದೆ, ಕಾಳಿನೊಳಗಿನ ಎಣ್ಣೆಯ ಅಂಶವೂ ಏರುತ್ತದೆ. ತೊಗರಿಯಲ್ಲೂ ಕಾಯಿ ಕಟ್ಟುವುದಕ್ಕೆ ನೆರವಾಗುತ್ತದೆ. ಜೇನು ಬಿಚ್ಚಿದಾಗ ಆ ಮನೆಗೆ ಒಂದು ಬಾಟ್ಲಿ ಕೊಡುವುದನ್ನು ಮರೆಯಬೇಡಿ. ಈ ಧಂದೆಯಲ್ಲಿ ಅದಕ್ಕಿಂತ ಲಾಭದ ಖರ್ಚು ಬೇರೆ ಇಲ್ಲ.

ಫೋನ್ ಬಂದ ದಿನ ಏನು ಮಾಡಬೇಕು? ಕತ್ತಲಾದ ಮೇಲೆ, ನೊಣ ಎಲ್ಲ ಒಳಸೇರಿದ ಮೇಲೆ, ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕಿ. ಮರುದಿನ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ನೆರಳಲ್ಲಿ ಇಡಿ. ಒಂದು ದಿನಕ್ಕಿಂತ ಜಾಸ್ತಿ ಮುಚ್ಚಿಡುವುದು ನಮ್ಮ ಬಿಸಿಲಿನಲ್ಲಿ ಅಪಾಯ. ಊರೆಲ್ಲ ಒಂದು ವಾರ ಹೊಡೆಯುವ ಹಾಗಿದ್ದರೆ ಪೆಟ್ಟಿಗೆಯನ್ನೇ ರಾತ್ರಿ ಬೇರೆ ಕಡೆ ಸಾಗಿಸಬೇಕು, ಕನಿಷ್ಠ ಮೂರು ಕಿಲೋಮೀಟರ್ ಆಚೆಗೆ. ಅದಕ್ಕಿಂತ ಹತ್ತಿರ ಇಟ್ಟರೆ ಮೇವಿನ ನೊಣಗಳು ಹಳೆಯ ಜಾಗವನ್ನೇ ಹುಡುಕಿಕೊಂಡು ಹೋಗಿ ಅಲ್ಲೇ ಗಿರಕಿ ಹೊಡೆದು ಸಾಯುತ್ತವೆ.

ಸಂಜೆ ಹೊಡೆದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. ಇಮಿಡಾಕ್ಲೋಪ್ರಿಡ್‌ನಂಥ ಔಷಧ ಗಿಡದ ಮೈಯೊಳಗೇ ಇಳಿಯುತ್ತದೆ. ಬೀಜಕ್ಕೆ ಹಚ್ಚಿ ಬಿತ್ತಿದರೂ ಅದರ ಸ್ವಲ್ಪ ಅಂಶ ಪರಾಗಕ್ಕೂ ಮಕರಂದಕ್ಕೂ ಬರುತ್ತದೆ. ಇಂಥ ಹೊಲ ಹತ್ತಿರ ಎಷ್ಟಿವೆ ಅನ್ನುವುದರ ಮೇಲೆ ನಿಮ್ಮ ಜೇನನ್ನು ಏನೆಂದು ಕರೆದು ಮಾರಬಹುದು ಅನ್ನುವುದು ನಿಂತಿದೆ.

ಯಾವ ಜೇನು?

ಊರಿನ ನೀರಿನ ಟ್ಯಾಂಕಿಗೆ ಜೋತುಬೀಳುವ ಹೆಜ್ಜೇನು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಬೇಲಿಯ ಕಡ್ಡಿಗೆ ಕಟ್ಟುವ ಕೋಲು ಜೇನೂ ಅಷ್ಟೇ. ಗೋಡೆಯ ಸಂದಿಯಲ್ಲಿ ಇರುವ, ಕುಟುಕದ ಪುಟ್ಟ ನಸರಿ ಜೇನನ್ನು ಸಾಕಬಹುದು. ಆದರೆ ಸಿಗುವ ಜೇನುತುಪ್ಪ ವರ್ಷಕ್ಕೆ ಕೆಲವು ನೂರು ಗ್ರಾಂ. ವ್ಯವಹಾರಕ್ಕೆ ಉಳಿಯುವುದು ತುಡುವೆ ಮತ್ತು ಮೆಲ್ಲಿಫೆರಾ.

ತುಡುವೆ ನಮ್ಮ ನೆಲದ ಜೇನು. ನೊಣದ ಮೈಗೆ ಹತ್ತಿ ಅದರ ಸತ್ವ ಹೀರಿ ಬದುಕುವ ವರೋವಾ ನುಸಿಯ ಜೊತೆ ಅದು ಸಾವಿರಾರು ವರ್ಷ ಹೆಣಗಾಡಿದೆ. ಒಂದರ ಮೈಯನ್ನು ಇನ್ನೊಂದು ನೆಕ್ಕಿ, ನುಸಿಯನ್ನು ಹಿಡಿದು ಎಸೆಯುವುದು ಅದಕ್ಕೆ ಗೊತ್ತು. ಔಷಧ ಇಲ್ಲದೆ ಸಾಕುವವರಿಗೆ ಇದು ದೊಡ್ಡ ಅನುಕೂಲ. ಆದರೆ ತುಡುವೆಗೆ ಬಿಸಿಲು, ಹಸಿವು ಎರಡೂ ಆಗುವುದಿಲ್ಲ. ಸ್ವಲ್ಪ ಕಷ್ಟ ಬಂದರೂ ಎರಿ, ಅಂದರೆ ಮೇಣದ ಗೂಡು, ಬಿಟ್ಟು ಇಡೀ ಕುಟುಂಬ ಹಾರಿಹೋಗುತ್ತದೆ. ಜೊತೆಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಇದೆ. 1991ರ ಹೊತ್ತಿಗೆ ಅದು ದಕ್ಷಿಣ ಭಾರತಕ್ಕೆ ಹರಡಿ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ತೊಳೆದು ಹಾಕಿತು. ನಮ್ಮಲ್ಲಿ ಎಷ್ಟೋ ಹಳೆಯ ಜೇನು ಸಾಕಣೆದಾರರು ಆಗ ಕೈಬಿಟ್ಟವರು ಮತ್ತೆ ಬರಲಿಲ್ಲ. ಅದಕ್ಕೆ ಔಷಧ ಇಲ್ಲ. ಉಳಿದುಕೊಂಡ ಗಟ್ಟಿ ಕುಟುಂಬದಿಂದಲೇ ಮರಿಕುಟುಂಬ ಮಾಡುವುದು, ರೋಗದ ಎರಿಯನ್ನು ಬೇರೆ ಪೆಟ್ಟಿಗೆಗೆ ಹಾಕದಿರುವುದು ಇದರ ದಾರಿ.

ಮೆಲ್ಲಿಫೆರಾ 1960ರ ದಶಕದಲ್ಲಿ ಹಿಮಾಚಲದ ಮೂಲಕ ಭಾರತದಲ್ಲಿ ನೆಲೆಯೂರಿದ ಜೇನು. ಬಿಸಿಲು ತಡೆಯುತ್ತದೆ, ಸುಲಭಕ್ಕೆ ಗೂಡು ಬಿಡುವುದಿಲ್ಲ, ಸೂರ್ಯಕಾಂತಿ ಬಯಲಿನಲ್ಲಿ ತುಡುವೆಗಿಂತ ಎಷ್ಟೋ ಪಟ್ಟು ಹೆಚ್ಚು ತುಪ್ಪ ಕೊಡುತ್ತದೆ. ಆದರೆ ವರೋವಾ ಅದರ ಶತ್ರು.

ನನ್ನ ಸಲಹೆ ಹೀಗೆ. ಖಾನಾಪುರ, ಬೆಳಗಾವಿಯ ಪಶ್ಚಿಮ ಭಾಗದವರು ಎರಡನೇ ಯೋಚನೆ ಇಲ್ಲದೆ ತುಡುವೆಗೆ ಹೋಗಿ. ಬಾಗಲಕೋಟೆ, ವಿಜಯಪುರದವರು ತುಡುವೆ ಬೇಕೇ ಬೇಕು ಅಂದರೆ ಇಲ್ಲೇ ಸುತ್ತಮುತ್ತ ಸಿಕ್ಕಿದ ಕುಟುಂಬ ಹಿಡಿಯಿರಿ. ಮಲೆನಾಡಿನ ತಂಪಿನಿಂದ ತಂದ ಕುಟುಂಬ ಏಪ್ರಿಲ್‌ವರೆಗೆ ನಿಲ್ಲುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಇಲ್ಲದಿದ್ದರೆ ಮೆಲ್ಲಿಫೆರಾ ಸಾಕಿ, ನುಸಿಯನ್ನು ಕೈಯಾರೆ ನಿಭಾಯಿಸಲು ಕಲಿಯಿರಿ.

ಪೆಟ್ಟಿಗೆಯೊಳಗೆ ಔಷಧದ ಬದಲು ಏನು

ವರೋವಾ ಬೆಳೆಯುವುದು ಮುಚ್ಚಿದ ಮರಿಕೋಣೆಗಳ ಒಳಗೆ. ಅದಕ್ಕೆ ಗಂಡು ನೊಣದ ಕೋಣೆ ಅಂದರೆ ಬಲು ಇಷ್ಟ. ಯಾಕಂದರೆ ಗಂಡು ನೊಣ ಹೊರಬರಲು 24 ದಿನ ಹಿಡಿಯುತ್ತದೆ, ನುಸಿಗೆ ಮರಿ ಮಾಡಲು ಸಮಯ ಜಾಸ್ತಿ ಸಿಗುತ್ತದೆ. ಇದೇ ನಮಗೆ ಸಿಗುವ ಹಿಡಿ. ಒಂದು ಚೌಕಟ್ಟಿನಲ್ಲಿ ಅರ್ಧ ಜಾಗ ಖಾಲಿ ಬಿಟ್ಟರೆ ನೊಣಗಳು ಅಲ್ಲಿ ಗಂಡು ಕೋಣೆಗಳನ್ನೇ ಕಟ್ಟುತ್ತವೆ. ಅವು ಮುಚ್ಚಿಕೊಂಡ ಮೇಲೆ, ಒಡೆಯುವ ಮೊದಲು, ಆ ತುಂಡನ್ನು ಕತ್ತರಿಸಿ ತೆಗೆಯಿರಿ. ನುಸಿ ಅದರೊಂದಿಗೇ ಹೋಗುತ್ತದೆ. ಕೋಳಿಗೆ ಹಾಕಿದರೆ ಕೋಳಿಗೂ ಹಬ್ಬ.

ಎಷ್ಟು ನುಸಿ ಇದೆ ಅಂತ ತಿಳಿಯಲು ಮನೆಯ ಸಾಮಾನೇ ಸಾಕು. ಮರಿ ಇರುವ ಎರಿಯಿಂದ ಅರ್ಧ ಕಪ್‌ನಷ್ಟು ನೊಣ, ಅಂದರೆ ಸುಮಾರು 300, ಒಂದು ಡಬ್ಬಿಗೆ ಕೊಡವಿಕೊಳ್ಳಿ. ರಾಣಿ ಅದರಲ್ಲಿ ಇಲ್ಲ ಅಂತ ಎರಡು ಸಲ ನೋಡಿ. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಎರಡು ಚಮಚ ಹಾಕಿ, ಬಾಯಿಗೆ ಜಾಲರಿ ಕಟ್ಟಿ, ನೊಣಗಳ ಮೈಗೆಲ್ಲ ಹತ್ತುವಂತೆ ನಿಧಾನಕ್ಕೆ ಹೊರಳಿಸಿ. ಎರಡು ನಿಮಿಷ ಬಿಟ್ಟು ಬಿಳಿ ತಟ್ಟೆಯ ಮೇಲೆ ಜಾಡಿಸಿ. ಮೇಲೆ ನೀರು ಚಿಮುಕಿಸಿದರೆ ಸಕ್ಕರೆ ಕರಗಿ ಕಂದು ಬಣ್ಣದ ನುಸಿಗಳು ಸಾಸಿವೆ ಕಾಳಿನ ಹಾಗೆ ಎದ್ದು ಕಾಣುತ್ತವೆ. ಹತ್ತಿರ ಹತ್ತಿರ ಒಂಬತ್ತು ಕಂಡರೆ ನೂರಕ್ಕೆ ಮೂರು. ಅಷ್ಟಾದರೆ ಕೈಕಟ್ಟಿ ಕೂರುವ ಹಾಗಿಲ್ಲ. ನೊಣಗಳನ್ನು ವಾಪಸ್ ಪೆಟ್ಟಿಗೆಗೆ ಬಿಡಿ, ಅವಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ಉಪಾಯ ಕುಟುಂಬ ಪಾಲು ಮಾಡುವುದು. ಗಟ್ಟಿ ಕುಟುಂಬವನ್ನು ಎರಡು ಮಾಡಿದರೆ ರಾಣಿ ಇಲ್ಲದ ಭಾಗ ಎಳೆ ಮೊಟ್ಟೆಯಿಂದ ಹೊಸ ರಾಣಿ ಬೆಳೆಸಿಕೊಳ್ಳುತ್ತದೆ. ರಾಣಿ ಹೊರಬರಲು ಸುಮಾರು 16 ದಿನ, ಅದು ಹಾರಿ ಗಂಡು ಕೂಡಿ ಬಂದು ಮೊಟ್ಟೆ ಇಡಲು ಮತ್ತೆ ಹತ್ತು ಹನ್ನೆರಡು ದಿನ. ಹಳೆಯ ಮರಿಗಳೆಲ್ಲ ಒಡೆದು, ಹೊಸ ಮರಿ ಇನ್ನೂ ಇಲ್ಲದ ಆ ನಡುವೆ ನುಸಿಗೆ ಬೆಳೆಯಲು ಜಾಗ ಸಿಗುವುದಿಲ್ಲ. ನಿಮಗೆ ಮಾರಲು ಒಂದು ಕುಟುಂಬವೂ ಹೆಚ್ಚಾಗುತ್ತದೆ.

ಕೆಲವರು ಥೈಮಾಲ್, ಫಾರ್ಮಿಕ್ ಆಮ್ಲ ನೈಸರ್ಗಿಕ ಅಂತ ಹೇಳುತ್ತಾರೆ. ಥೈಮಾಲ್ ನಮ್ಮ ಅಜಿವಾನದಲ್ಲೇ ಇರುವ ಸತ್ವ, ನಿಜ. ತಂಪು ದೇಶಗಳಲ್ಲಿ ಸಾವಯವ ಸಾಕಣೆಗೂ ಇವು ಒಪ್ಪಿತ. ಆದರೆ ಎರಡೂ ಆವಿಯಾಗಿ ಕೆಲಸ ಮಾಡುವಂಥವು. 35, 40 ಡಿಗ್ರಿ ಬಿಸಿಲಿನಲ್ಲಿ ಒಮ್ಮೆಲೇ ಆವಿಯಾಗಿ ಮರಿಗಳನ್ನು ಸಾಯಿಸಬಹುದು, ರಾಣಿಯನ್ನೂ ಕಳೆಯಬಹುದು. ನೈಸರ್ಗಿಕ ಅಂದ ಮಾತ್ರಕ್ಕೆ ನಮ್ಮ ಹವೆಗೆ ಹೊಂದುತ್ತದೆ ಅಂತ ಅಲ್ಲ.

ಮೇಣದ ಹುಳು ಬರುವುದು ಬಡಕಲು ಕುಟುಂಬಕ್ಕೆ. ನೊಣಗಳು ಮುಚ್ಚಿ ಕೂರುವಷ್ಟೇ ಎರಿ ಪೆಟ್ಟಿಗೆಯಲ್ಲಿ ಇರಲಿ, ಉಳಿದದ್ದು ಹೊರಗೆ ತೆಗೆಯಿರಿ. ತಳದ ಹಲಗೆಯ ಕಸ ಗುಡಿಸುತ್ತಿರಿ. ತೆಗೆದಿಟ್ಟ ಎರಿಗೆ ಡಾಂಬರು ಗುಳಿಗೆ ಹಾಕುವ ಚಾಳಿ ಹಲವರಿಗಿದೆ. ದಯವಿಟ್ಟು ಬೇಡ. ಮೇಣ ಆ ವಾಸನೆಯನ್ನೆಲ್ಲ ಹೀರಿಕೊಂಡು ಆಮೇಲೆ ಜೇನಿಗೆ ಬಿಡುತ್ತದೆ. ಅಂಗಡಿಯಿಂದ ತರುವ ಮೇಣದ ಹಾಳೆಯ ವಿಷಯದಲ್ಲೂ ಇದೇ ಎಚ್ಚರ ಬೇಕು, ಎಲ್ಲೆಲ್ಲಿಯದೋ ಮೇಣ ಕರಗಿಸಿ ಮಾಡಿರುತ್ತಾರೆ. ಚೌಕಟ್ಟಿನ ಮೇಲಂಚಿಗೆ ಒಂದು ಬೆರಳಗಲದ ಪಟ್ಟಿ ಮಾತ್ರ ಅಂಟಿಸಿ. ಉಳಿದದ್ದನ್ನು ನೊಣವೇ ಕಟ್ಟಿಕೊಳ್ಳಲಿ. ಮೇಣ ಕಟ್ಟಲು ಅವು ಜೇನು ತಿನ್ನಬೇಕು, ಹಾಗಾಗಿ ಮೊದಲ ವರ್ಷ ತುಪ್ಪ ಕಡಿಮೆ ಆಗುತ್ತದೆ. ಆಗಲಿ. ಸ್ವಚ್ಛ ಮೇಣದ ಮೇಲೆ ನಿಂತ ಕುಟುಂಬ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ಕಪ್ಪಾದ ಎರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತಾ ಹೋಗಿ.

ಇರುವೆಗೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಸಾಕು.

ಬಿಸಿಲಿನ ಬಗ್ಗೆ ಮಾತ್ರ ಉದಾಸೀನ ಮಾಡಬೇಡಿ. ಮರಿಗಳಿರುವ ಜಾಗವನ್ನು ನೊಣಗಳು 34, 35 ಡಿಗ್ರಿಯಲ್ಲೇ ಇಟ್ಟುಕೊಳ್ಳುತ್ತವೆ. ಹೊರಗೆ 42 ಇದ್ದಾಗ ಅವು ನೀರು ತಂದು ಎರಿಯ ಮೇಲೆ ಹಚ್ಚಿ, ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ಆ ಕೆಲಸಕ್ಕೆ ನಿಂತ ನೊಣ ಮೇವಿಗೆ ಹೋಗುವುದಿಲ್ಲ. ಬೇವಿನ ಮರದ ದಟ್ಟ ನೆರಳು ಎಲ್ಲಕ್ಕಿಂತ ಒಳ್ಳೆಯದು. ಮರ ಇಲ್ಲದಿದ್ದರೆ ಜೋಳದ ಕಣಿಕೆಯ ಚಪ್ಪರ ಹಾಕಿ. ತಗಡು ಬೇಡ. ಹತ್ತಿರದಲ್ಲೇ ಅಗಲ ಬಾಯಿಯ ಮಡಿಕೆಯಲ್ಲಿ ಕಲ್ಲು ತುಂಬಿ ನೀರಿಡಿ, ನೊಣ ಕಲ್ಲಿನ ಮೇಲೆ ಕೂತು ಕುಡಿಯುತ್ತದೆ. ಒಂದು ದಿನವೂ ಒಣಗಲು ಬಿಡಬೇಡಿ. ನಿಮ್ಮಲ್ಲಿ ಸಿಗದಿದ್ದರೆ ಅವು ಪಕ್ಕದ ತೋಟದಲ್ಲಿ ಎಣ್ಣೆ ಕಲೆಸಿದ ಡ್ರಮ್ಮಿನ ಪಕ್ಕ ನಿಂತ ನೀರಿಗೆ ಹೋಗುತ್ತವೆ.

ಹೂವಿಲ್ಲದ ತಿಂಗಳಲ್ಲಿ ಸಕ್ಕರೆ ಪಾಕ ಕೊಡಬಹುದಾ? ಹಸಿವಿನಿಂದ ಸಾಯುವ ಕುಟುಂಬಕ್ಕೆ ಕೊಡಲೇಬೇಕು. ಆದರೆ ಅದಕ್ಕೆ ಮೊದಲ ಉತ್ತರ, ಫೆಬ್ರುವರಿಯಲ್ಲಿ ತುಪ್ಪ ಬಿಚ್ಚುವಾಗ ಮರಿಗಳಿರುವ ಕೆಳಗಿನ ಸಂಸಾರ ಕೋಣೆಯ ಜೇನಿಗೆ ಕೈಹಾಕದೇ ಇರುವುದು. ಪಾಕ ಕೊಡುವ ಕಾಲದಲ್ಲಿ ಮೇಲಿನ ಜೇನು ಕೋಣೆ ಪೆಟ್ಟಿಗೆಯ ಮೇಲೆ ಇರಲೇಬಾರದು.

ದುಡ್ಡಿನ ಮಾತು

ಐದು ಪೆಟ್ಟಿಗೆಯಿಂದ ಶುರು ಮಾಡಿ. ಲೆಕ್ಕಕ್ಕೆಂದು ಕುಟುಂಬ ಸಮೇತ ಪೆಟ್ಟಿಗೆಗೆ 5,000 ರೂಪಾಯಿ ಹಿಡಿಯೋಣ, 25,000 ಆಯಿತು. ತುಪ್ಪ ತೆಗೆಯುವ ಯಂತ್ರ, ಹೊಗೆತಿದಿ, ಮುಖದ ಪರದೆ, ಸ್ಟ್ಯಾಂಡು, ಬಾಟ್ಲಿ ಎಲ್ಲ ಸೇರಿ ಇನ್ನೊಂದು 12,000 ಇಡಿ. ಪೆಟ್ಟಿಗೆಯನ್ನು ಎಲ್ಲಿಗೂ ಸಾಗಿಸದೆ ಒಂದೇ ಕಡೆ ಇಟ್ಟ ಮೆಲ್ಲಿಫೆರಾದಿಂದ, ಒಣ ಭೂಮಿಯಲ್ಲಿ, ವರ್ಷಕ್ಕೆ 10 ಕಿಲೋ ಅಂತ ಕೈಬಿಗಿ ಹಿಡಿದು ಲೆಕ್ಕ ಹಾಕಿ. 50 ಕಿಲೋ, ಕಿಲೋಗೆ 500 ರಂತೆ 25,000. ಅಂದರೆ ಮೊದಲ ವರ್ಷ ಹಾಕಿದ್ದೂ ಬರುವುದಿಲ್ಲ. ಎರಡನೇ ವರ್ಷದಿಂದ ಹಗುರಾಗುತ್ತದೆ. ವರ್ಷಕ್ಕೆ 30, 40 ಕಿಲೋ ಅನ್ನುವ ಅಂಕಿ ನೀವು ಕೇಳಿರಬಹುದು. ಅದು ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿ ಹೂವಿನಿಂದ ಹೂವಿಗೆ ಊರೂರು ಸಾಗಿಸುವವರ ಲೆಕ್ಕ. ನೈಸರ್ಗಿಕವಾಗಿ, ಒಂದೇ ನೆಲೆಯಲ್ಲಿ ಸಾಕುವವರು ಅದನ್ನು ನೆಚ್ಚಿ ಸಾಲ ಮಾಡಬಾರದು.

ತುಪ್ಪದ ಜೊತೆ ಕುಟುಂಬ ಮಾರಾಟ, ಮೇಣ, ಪರಾಗಸ್ಪರ್ಶಕ್ಕೆ ಪೆಟ್ಟಿಗೆ ಬಾಡಿಗೆ ಕೊಡುವುದು ಸೇರಿದರೆ ಮಾತ್ರ ಇದು ನಿಜವಾದ ಆದಾಯ ಆಗುತ್ತದೆ. ಬಾಡಿಗೆಯಲ್ಲಿ ಒಂದು ತೊಡಕಿದೆ. ಪೆಟ್ಟಿಗೆ ಬೇಕು ಅನ್ನುವವರು ಬಹುಪಾಲು ದಾಳಿಂಬೆಯವರು, ಬೀಜೋತ್ಪಾದನೆಯವರು, ಕಲ್ಲಂಗಡಿಯವರು. ಔಷಧ ಜಾಸ್ತಿ ಬೀಳುವುದೂ ಅಲ್ಲೇ. ಬಾಡಿಗೆಗೆ ಹೋಗುವ ಪೆಟ್ಟಿಗೆಗಳನ್ನು ಬೇರೆ ಬಣ್ಣ ಹಚ್ಚಿ ಬೇರೆಯೇ ಇಡಿ. ಅವುಗಳ ತುಪ್ಪವನ್ನು, ಎರಿಯನ್ನು ಉಳಿದವುಗಳ ಜೊತೆ ಎಂದೂ ಬೆರೆಸಬೇಡಿ. ಆ ತುಪ್ಪವನ್ನು ಸಾಮಾನ್ಯ ಜೇನು ಅಂತಲೇ ಕಡಿಮೆ ದರಕ್ಕೆ ಮಾರಿ.

ಸರ್ಕಾರದ ಕಡೆಯಿಂದ ಖಾದಿ ಗ್ರಾಮೋದ್ಯೋಗ ಆಯೋಗ 2017ರಲ್ಲಿ ಶುರು ಮಾಡಿದ ಹನಿ ಮಿಷನ್ ಇದೆ. 2020ರಲ್ಲಿ ಕೇಂದ್ರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನು ಮಿಷನ್ ಘೋಷಿಸಿತು. ಪೆಟ್ಟಿಗೆಯ ಸಹಾಯಧನಕ್ಕೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ತರಬೇತಿಗೆ ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ. ಆದರೆ ಯಾರು ಕೊಟ್ಟರೂ ಏಪ್ರಿಲ್‌ನಲ್ಲಿ ಬಂದ ಕುಟುಂಬವನ್ನು ಒಪ್ಪಿಕೊಳ್ಳಬೇಡಿ. ಮಳೆ ಬಂದು ಹೂವು ಕಂಡ ಮೇಲೆ ತರಿಸಿಕೊಳ್ಳಿ.

ಬಾಟ್ಲಿಯ ಮೇಲೆ ಏನು ಬರೆಯಬೇಕು

ಮುಕ್ಕಾಲು ಭಾಗ ಕೋಣೆಗಳಿಗೆ ಮೇಣದ ಮುಚ್ಚಳ ಬಿದ್ದ ಎರಿಯನ್ನು ಮಾತ್ರ ಬಿಚ್ಚಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಾನದಂಡದಂತೆ ಜೇನಿನಲ್ಲಿ ನೀರಿನಂಶ ನೂರಕ್ಕೆ 20 ಮೀರಬಾರದು. ನಮ್ಮ ಒಣ ಹವೆಯಲ್ಲಿ, ಜನವರಿಯ ತುಪ್ಪಕ್ಕೆ ಇದು ಕಷ್ಟವಲ್ಲ. ಬಟ್ಟೆಯಲ್ಲಿ ಸೋಸಿ, ಎರಡು ದಿನ ನಿಲ್ಲಿಸಿ, ಮೇಲೆ ಬಂದ ನೊರೆ ತೆಗೆದು ಬಾಟ್ಲಿಗೆ ತುಂಬಿ. ಕುದಿಸುವುದು ಬೇಡ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಇಟ್ಟರೂ ಜೇನು ಕೆಡುತ್ತದೆ. ಬಿಸಿಗೆ ಅದರಲ್ಲಿ ಎಚ್‌ಎಂಎಫ್ ಅನ್ನುವ ಅಂಶ ಏರುತ್ತದೆ, ಅದಕ್ಕೂ ಕಿಲೋಗೆ 80 ಮಿಲಿಗ್ರಾಂ ಅಂತ ಮಿತಿ ಇದೆ. ಮಣ್ಣಿನ ಮಾಳಿಗೆ ಮನೆಯ ಒಳಕೋಣೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಮಾರುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. "ಸಾವಯವ" ಅನ್ನುವ ಪದವನ್ನು ಪ್ರಮಾಣಪತ್ರ ಇಲ್ಲದೆ ಲೇಬಲ್ಲಿಗೆ ಹಾಕಬೇಡಿ. ಮೊದಲು ಹೇಳಿದ ಆ 775 ಎಕರೆಯಿಂದಾಗಿ ನಮ್ಮ ಕಡೆ ಆ ಪ್ರಮಾಣಪತ್ರ ಸಿಗುವುದು ಕಷ್ಟವೇ. ಅದರ ಬದಲು ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ಯಾವ ಊರಿನ ಹೊಲ, ಯಾವ ತಿಂಗಳು, ಮುಖ್ಯವಾಗಿ ಯಾವ ಹೂವು, ಪೆಟ್ಟಿಗೆಗೆ ಔಷಧ ಹಾಕಿಲ್ಲ, ಬಿಸಿ ಮಾಡಿಲ್ಲ. ವರ್ಷಕ್ಕೊಮ್ಮೆ ಕೀಟನಾಶಕದ ಶೇಷ ಪರೀಕ್ಷೆ ಮಾಡಿಸಿ, ಕೇಳಿದವರಿಗೆ ವರದಿ ತೋರಿಸಿ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 13 ಬ್ರ್ಯಾಂಡುಗಳ ಜೇನು ಪರೀಕ್ಷಿಸಿದಾಗ ಎಲ್ಲ ಪರೀಕ್ಷೆ ದಾಟಿದ್ದು ಮೂರೇ. ಅಂದಿನಿಂದ ಜನ ನಂಬುವ ಕೈಯನ್ನು ಹುಡುಕುತ್ತಿದ್ದಾರೆ. ಸಣ್ಣ ಸಾಕಣೆದಾರನ ದೊಡ್ಡ ಬಂಡವಾಳ ಇದೇ.

ಗಿರಾಕಿಗಳಿಗೆ ಎರಡು ಮಾತು ಮೊದಲೇ ಹೇಳಿಬಿಡಿ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಎಷ್ಟೇ ಶುದ್ಧವಾಗಿರಲಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಎಳೆಯ ಕರುಳು ತಡೆಯುವುದಿಲ್ಲ. ಹುಟ್ಟಿದ ಮಗುವಿನ ಬಾಯಿಗೆ ಜೇನು ಹಚ್ಚುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ, ಅದಕ್ಕೆ ಇದನ್ನು ಲೇಬಲ್ಲಿನಲ್ಲೂ ಅಚ್ಚು ಹಾಕಿಸಿ.

ಎರಡನೆಯದು ಗಟ್ಟಿಯಾಗುವ ವಿಷಯ. ಸೂರ್ಯಕಾಂತಿ ತುಪ್ಪ ಕೆಲವೇ ವಾರಗಳಲ್ಲಿ ಹರಳುಗಟ್ಟಿ ರವೆ ರವೆ ಆಗುತ್ತದೆ. ಅದರಲ್ಲಿ ಗ್ಲೂಕೋಸ್ ಜಾಸ್ತಿ, ಅದಕ್ಕೆ. ಸಕ್ಕರೆ ಬೆರೆಸಿದ್ದಾರೆ ಅಂತ ಬಾಟ್ಲಿ ವಾಪಸ್ ತರುವವರು ಈ ತುಪ್ಪದಲ್ಲೇ ಹೆಚ್ಚು. ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು ಯಾವುದೂ ಶುದ್ಧತೆಯನ್ನು ಹೇಳುವುದಿಲ್ಲ. ಹರಳುಗಟ್ಟಿದ ಬಾಟ್ಲಿಯನ್ನು ಕೈ ಇಟ್ಟರೆ ತಡೆಯುವಷ್ಟು ಬೆಚ್ಚಗಿನ ನೀರಿನಲ್ಲಿ ಒಂದು ತಾಸು ನಿಲ್ಲಿಸಿದರೆ ಮತ್ತೆ ತೆಳುವಾಗುತ್ತದೆ, ರೊಟ್ಟಿಗೆ ಹಚ್ಚಿಕೊಳ್ಳುವುದಾದರೆ ಹಾಗೇ ಇದ್ದರೂ ರುಚಿ.